ಭಂಡಾರ ಅರಸನದು, ಅಂತಃಕರಣ ಯಾರದು?

‘ರಾಜಾ ಪ್ರತ್ಯಕ್ಷ ದೇವತಾ’ ಎಂಬ ಮಾತನ್ನು ನಮ್ಮ ಹಿರಿಯರು ಬಾಲ್ಯದಿಂದಲೂ ಕೇಳಿಕೊಂಡು ಬಂದವರು. ರಾಜರು ಹೋದರು. ಆ ಗದ್ದುಗೆಯ ಮೇಲೆ ಸರ್ಕಾರ ಬಂದು ಕುಳಿತಿತು. ಮಾತು ಮಾತ್ರ ಮನಸ್ಸಿನಿಂದ ಹೋಗಲಿಲ್ಲ. ಸೋಲೂರು ಸೀಮೆಯ ಹಳ್ಳಿಗಳಲ್ಲಿ ಮಳೆ ಬಂದರೆ ದೇವರು ಕೊಟ್ಟ ಎನ್ನುತ್ತಾರೆ, ಅಕ್ಕಿ ಬಂದರೆ ಸರ್ಕಾರ ಕೊಟ್ಟಿತು ಎನ್ನುತ್ತಾರೆ. ಪಹಣಿಯಲ್ಲಿ ಹೆಸರು ತಪ್ಪಾಗಿದ್ದರೆ ತಾಲ್ಲೂಕು ಕಚೇರಿಗೆ ನಾಲ್ಕು ಸಲ ತಿರುಗಿ, ಐದನೆಯ ಸಲವೂ ಚಪ್ಪಲಿ ಹೊರಗೆ ಬಿಟ್ಟು, ಕೈಮುಗಿದುಕೊಂಡೇ ಒಳಗೆ ಹೋಗುವ ಮುದುಕರುಂಟು. ಇದು ವಿನಯವೋ, ಭಯವೋ, ಭಕ್ತಿಯೋ? ವಿನಯವಾದರೆ ಒಳ್ಳೆಯದು. ಭಯವಾದರೆ ಅರ್ಥವಾಗುತ್ತದೆ. ಭಕ್ತಿಯೇ ಆಗಿದ್ದರೆ ಕೇಳಲೇಬೇಕಾದ ಪ್ರಶ್ನೆಯೊಂದಿದೆ: ಎದೆಯ ಮೇಲೆ ಇಷ್ಟಲಿಂಗ ಧರಿಸಿದವನು ಲಿಂಗವಲ್ಲದ್ದಕ್ಕೆ ಭಕ್ತಿ ಸಲ್ಲಿಸಬಹುದೇ?

ಈ ಪ್ರಶ್ನೆಯನ್ನು ಬರೀ ಮಾತಿನಲ್ಲಿ ಅಲ್ಲ, ಬದುಕಿನಲ್ಲಿಯೇ ಎದುರಿಸಿದವರು ಅಣ್ಣ ಬಸವಣ್ಣನವರು. ಅವರು ಅರಣ್ಯದಲ್ಲಿ ಕುಳಿತು ಅರಸರನ್ನು ಹಳಿದವರಲ್ಲ. ಕಲಚೂರಿ ಬಿಜ್ಜಳನ ಊಳಿಗಕ್ಕೆ ಸೇರಿ, ಕರಣಿಕರಾಗಿ ಲೆಕ್ಕ ಬರೆದು, ಕಲ್ಯಾಣದಲ್ಲಿ ಭಂಡಾರಿಯ ಪದವಿಗೆ ಏರಿದವರು. ಆ ಬಿಜ್ಜಳನಾದರೂ ಯಾರು? ಚಾಲುಕ್ಯರ ಮಾಂಡಲಿಕನಾಗಿದ್ದು, ಒಡೆಯನಾದ ಮೂರನೆಯ ತೈಲಪನು ದುರ್ಬಲನಾದ ಸಮಯ ನೋಡಿ ಸಿಂಹಾಸನವನ್ನೇ ತನ್ನದಾಗಿಸಿಕೊಂಡವನು. ನಿನ್ನೆಯವರೆಗೆ ಕಪ್ಪ ಒಪ್ಪಿಸುತ್ತಿದ್ದವನು ಇಂದು ಪ್ರತ್ಯಕ್ಷ ದೇವತೆ! ಇದನ್ನೆಲ್ಲ ಹತ್ತಿರದಿಂದ ಕಂಡ ಬಸವಣ್ಣನವರಿಗೆ ಅರಸುತನ ಎಲ್ಲಿಂದ ಇಳಿದು ಬರುತ್ತದೆ ಎಂಬ ವಿಷಯದಲ್ಲಿ ಭ್ರಮೆ ಇದ್ದಿರಲಾರದು.

ಆದರೂ ಅವರು ಕೆಲಸ ಬಿಡಲಿಲ್ಲ. ಭಂಡಾರದ ಹಣವನ್ನು ಜಂಗಮರಿಗೆ ಹಂಚುತ್ತಿದ್ದಾರೆಂದು ಕೊಂಡೆಯ ಮಂಚಣ್ಣನಂಥವರು ದೂರು ಒಯ್ದಾಗ ಬಿಜ್ಜಳನು ಲೆಕ್ಕ ಮಾಡಿಸಿದನೆಂದೂ, ಒಂದು ಹಣವೂ ಕಡಿಮೆ ಬರಲಿಲ್ಲವೆಂದೂ ನಮ್ಮ ಪುರಾಣಗಳು ಹೇಳುತ್ತವೆ. ಸಾಮಾನ್ಯವಾಗಿ ಇದನ್ನು ಪವಾಡವೆಂದು ಕೇಳಿ ಕೈಮುಗಿದು ಮುಂದೆ ಹೋಗುತ್ತೇವೆ. ಪವಾಡ ಪಕ್ಕಕ್ಕಿರಲಿ, ಆ ಕಥೆಯೊಳಗಿನ ನಡತೆಯನ್ನು ನೋಡಬೇಕು. ಅರಸನು ಲೆಕ್ಕ ಕೇಳಿದ, ಭಂಡಾರಿ ಲೆಕ್ಕ ಕೊಟ್ಟ. ಅರಸನಿಗೆ ಸಲ್ಲಬೇಕಾದದ್ದು ಅಷ್ಟೇ. ಯಾರ ಮನೆಯಲ್ಲಿ ಉಣ್ಣಬೇಕು, ಯಾರನ್ನು ಅಣ್ಣ ಅಪ್ಪ ಎನ್ನಬೇಕು, ಮಾದಾರ ಚೆನ್ನಯ್ಯನನ್ನು ಯಾವ ಸ್ಥಾನದಲ್ಲಿ ಕೂರಿಸಬೇಕು ಎಂಬುದನ್ನು ಅವರು ಬಿಜ್ಜಳನನ್ನು ಕೇಳಿ ತೀರ್ಮಾನಿಸಲಿಲ್ಲ.

ಮುಂದೆ ನಡೆದದ್ದು ಎಲ್ಲರಿಗೂ ತಿಳಿದ ಕಥೆ. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸನ ಮಗಳಿಗೂ ಶರಣರು ಮದುವೆ ಮಾಡಿದರು. ಅದು ವರ್ಣಧರ್ಮಕ್ಕೆ ವಿರುದ್ಧವೆಂದು ಬಿಜ್ಜಳನು ಆ ಇಬ್ಬರು ತಂದೆಯರಿಗೂ ಎಳೆಹೂಟೆಯ ಶಿಕ್ಷೆ ವಿಧಿಸಿದ. ಆನೆಯ ಕಾಲಿಗೆ ಕಟ್ಟಿ ಊರ ಬೀದಿಯಲ್ಲಿ ಎಳೆಸಿದರು. ಇಲ್ಲಿ ಗಮನಿಸಬೇಕಾದದ್ದೊಂದಿದೆ. ಅಂದಿನ ಕಾನೂನಿನ ಪ್ರಕಾರ ಅರಸನದೇ ಸರಿ. ಶಾಸ್ತ್ರ ಅವನ ಕಡೆ, ಪಂಡಿತರು ಅವನ ಕಡೆ, ಆನೆಯೂ ಅವನ ಕಡೆ. ತಪ್ಪು ಮಾಡಿದವರೆಂದು ಬರೆಸಿಕೊಂಡವರು ಹರಳಯ್ಯ, ಮಧುವರಸರು. ಕಾನೂನು ಬೇರೆ, ಧರ್ಮ ಬೇರೆ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವ ಇನ್ನೊಂದು ಘಟನೆ ನಮ್ಮ ನಾಡಿನಲ್ಲಿ ಸಿಗುವುದು ಕಷ್ಟ.

ಬಸವಣ್ಣನವರು ಭಂಡಾರದ ಮುದ್ರೆಯನ್ನು ಬಿಟ್ಟು ಕೂಡಲಸಂಗಮಕ್ಕೆ ನಡೆದರು. ಜಗದೇವ, ಮಲ್ಲಿಬೊಮ್ಮರು ಬಿಜ್ಜಳನನ್ನು ಕೊಂದರೆಂಬುದು ನಮ್ಮ ಪರಂಪರೆಯ ಮಾತು. ಜೈನ ಗ್ರಂಥಗಳು ಬೇರೆ ರೀತಿ ಹೇಳುತ್ತವೆ. ಕೆಲವು ಪ್ರವಚನಕಾರರು ಈ ಕೊಲೆಯನ್ನು ವೀರಕಾರ್ಯವೆಂದು ಬಣ್ಣಿಸುವುದುಂಟು. ನಮಗೆ ಅದು ಒಪ್ಪಿಗೆಯಾಗದು. ಕತ್ತಿಯಿಂದ ಅರಸ ಹೋದನೇ ಹೊರತು ಅರಸನ ಕತ್ತಿ ಹೋಗಲಿಲ್ಲ. ಅದು ಬೆನ್ನಟ್ಟಿ ಬಂತು. ಚೆನ್ನಬಸವಣ್ಣನವರು ಶರಣರನ್ನು ಕರೆದುಕೊಂಡು ಉಳವಿಯ ಕಾಡಿನವರೆಗೆ ಹೋಗಬೇಕಾಯಿತು.

ಕಲ್ಯಾಣ ದೂರವಾಯಿತೆನ್ನುವವರಿಗೆ ನಮ್ಮ ಹಳೆಯ ಮೈಸೂರು ಸೀಮೆಯ ಸಂಗತಿಯೊಂದು. 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರು ಸಣ್ಣ ಅರಸರಲ್ಲ. ನಾಲೆ ತೋಡಿಸಿದರು, ಅಠಾರ ಕಚೇರಿ ಕಟ್ಟಿದರು, ಅಂಚೆ ನಡೆಸಿದರು, ಬೆಂಗಳೂರನ್ನು ಮೊಗಲರಿಂದ ಹಣ ಕೊಟ್ಟು ಪಡೆದರು. ‘ನವಕೋಟಿ ನಾರಾಯಣ’ ಎಂಬ ಬಿರುದು ಸುಮ್ಮನೆ ಬರಲಿಲ್ಲ. ದಿನವೂ ಎರಡು ಚೀಲ ಹೊನ್ನು ಖಜಾನೆ ಸೇರುವ ತನಕ ಅವರು ಊಟ ಮಾಡುತ್ತಿರಲಿಲ್ಲವೆಂದು ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ವಿಲ್ಕ್ಸ್ 1810ರಲ್ಲಿ ಪ್ರಕಟವಾದ ತನ್ನ ಇತಿಹಾಸದಲ್ಲಿ ಬರೆಯುತ್ತಾನೆ. ಬೆಳೆಯಲ್ಲಿ ಆರನೆಯ ಒಂದು ಪಾಲು ಅರಸನಿಗೆ ಎಂಬ ಶಾಸ್ತ್ರದ ಮಾತನ್ನು ಅವರು ಮೀರಲಿಲ್ಲ. ಮೀರದೆಯೇ ಮನೆಗೆ ತೆರಿಗೆ, ಹುಲ್ಲಿಗೆ ತೆರಿಗೆ, ಕುರಿಗೆ, ಮಗ್ಗಕ್ಕೆ, ಕಡೆಗೆ ಮದುವೆಗೂ ತೆರಿಗೆ ಹಾಕಿಸಿದರು. ಅಕ್ಷರ ಉಳಿಯಿತು, ಅರ್ಥ ಹೋಯಿತು.

ರೈತರು ಉಳುಮೆ ನಿಲ್ಲಿಸಿದರಂತೆ. ಊರ ಬಾಗಿಲುಗಳಲ್ಲಿ ನೇಗಿಲನ್ನು ತಲೆಕೆಳಗಾಗಿ ತೂಗುಹಾಕಿದರಂತೆ. ಬಾಯಿ ಬಿಡದೆ ಹೇಳಿದ ಮಾತು ಅದು. ಅವರ ಬೆನ್ನಿಗೆ ನಿಂತವರು ಜಂಗಮರು. ಅರಸರು ಮಾತುಕತೆಗೆಂದು ಅವರನ್ನು ನಂಜನಗೂಡಿಗೆ ಕರೆಸಿ, ಒಬ್ಬೊಬ್ಬರನ್ನಾಗಿ ಒಳಗೆ ಕರೆದು, ಸುಮಾರು 400 ಮಂದಿಯ ತಲೆ ಕಡಿಸಿದರೆಂದೂ, 700ಕ್ಕೂ ಹೆಚ್ಚು ಮಠಗಳನ್ನು ಕೆಡವಿಸಿದರೆಂದೂ ವಿಲ್ಕ್ಸ್ ದಾಖಲಿಸಿದ್ದಾನೆ. ನಂತರದ ಇತಿಹಾಸಕಾರರಲ್ಲಿ ಕೆಲವರು ಇದನ್ನು ಪೂರ್ತಿ ನಂಬುವುದಿಲ್ಲ. ಸಂಖ್ಯೆಯ ಚರ್ಚೆ ವಿದ್ವಾಂಸರಿಗಿರಲಿ. ರೈತನ ನೇಗಿಲಿನ ಪಕ್ಕದಲ್ಲಿ ಜಂಗಮ ನಿಂತಿದ್ದನೆಂಬುದನ್ನು ಮಾತ್ರ ಮಠದ ಭಕ್ತರು ಮರೆಯಬಾರದು.

ಆ ಕಾಲಕ್ಕೆ ಮಾಗಡಿ ಸೀಮೆ ಮೈಸೂರಿಗೆ ಸೇರಿರಲಿಲ್ಲ, ಕೆಂಪೇಗೌಡರ ವಂಶದವರ ಕೈಯಲ್ಲಿತ್ತು. ಮೊದಲ ಕೆಂಪೇಗೌಡರು ತಮ್ಮ ಹೆಸರಿನಲ್ಲಿ ಭೈರವ ನಾಣ್ಯ ಹೊಡೆಸಿದ್ದಕ್ಕಾಗಿ ವಿಜಯನಗರದವರು ಅವರನ್ನು ಆನೆಗೊಂದಿಯಲ್ಲಿ ಐದು ವರ್ಷ ಸೆರೆಯಲ್ಲಿಟ್ಟರೆಂಬ ಕಥೆ ಇಲ್ಲಿನ ಮಕ್ಕಳಿಗೂ ಗೊತ್ತು. ಲೋಹ ಅದೇ, ತೂಕ ಅದೇ. ದೊಡ್ಡವನ ಮುದ್ರೆ ಬಿದ್ದರೆ ಹಣ, ಚಿಕ್ಕವನ ಮುದ್ರೆ ಬಿದ್ದರೆ ಅಪರಾಧ. 1728ರಲ್ಲಿ ಮಾಗಡಿ ಮೈಸೂರಿನವರ ಪಾಲಾಯಿತು. 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯ ಸಾವನದುರ್ಗವನ್ನು ಟಿಪ್ಪುವಿನಿಂದ ಕಸಿದುಕೊಂಡಿತು. ಬೆಟ್ಟದ ಬುಡದ ವೀರಭದ್ರಸ್ವಾಮಿ ಇಷ್ಟು ಧ್ವಜಗಳನ್ನೂ ನೋಡಿದ್ದಾನೆ! ನಮ್ಮ ಕಾಲದಲ್ಲಿಯೂ ಅಷ್ಟೇ. ಬೆಂಗಳೂರು ಜಿಲ್ಲೆಯಲ್ಲಿದ್ದ ಸೋಲೂರು 1986ರಲ್ಲಿ ಬೆಂಗಳೂರು ಗ್ರಾಮಾಂತರವಾಯಿತು, 2007ರಲ್ಲಿ ರಾಮನಗರ ಜಿಲ್ಲೆಗೆ ಹೋಯಿತು, 2025ರಲ್ಲಿ ಆ ಜಿಲ್ಲೆಯ ಹೆಸರನ್ನೇ ಬದಲಿಸಲು ಸಚಿವ ಸಂಪುಟ ತೀರ್ಮಾನಿಸಿತು. ಊರು ಕದಲಿಲ್ಲ, ಬೋರ್ಡು ಕದಲಿತು.

ಹಾಗಾದರೆ ಸರ್ಕಾರವನ್ನೇ ಧಿಕ್ಕರಿಸಬೇಕೇ? ಹಾಗೆ ಹೇಳಿದರೆ ಅದು ಅವಿವೇಕ. ಆಸ್ಪತ್ರೆ, ಶಾಲೆ, ರಸ್ತೆ, ಪಡಿತರ ಇವೆಲ್ಲ ನಡೆಯುವುದು ಎಲ್ಲರೂ ಕೊಟ್ಟ ಹಣದಿಂದಲೇ. ಬಡವನಿಗೆ ಬಲ್ಲಿದನಿಂದ ರಕ್ಷಣೆ ಬೇಕೆಂದರೂ ಕಾನೂನು ಬೇಕು. ಹರಳಯ್ಯನಿಗೆ ಮರಣದಂಡನೆ ತಂದಂಥ ಮದುವೆಗೆ ಇಂದು ರಕ್ಷಣೆ ಕೊಡಬೇಕಾದದ್ದು ಇದೇ ಸರ್ಕಾರದ ಕಾನೂನು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ ಮೊದಲ ಮಾತಿನಲ್ಲಿ ಅಧಿಕಾರ ದೇವರಿಂದ ಬಂದದ್ದೆಂದಿಲ್ಲ, ಜನರಿಂದ ಬಂದದ್ದೆಂದಿದೆ. ಹಾಗೆ ನೋಡಿದರೆ ಮಂತ್ರಿಗಳು, ಅಧಿಕಾರಿಗಳು ನಮ್ಮ ಭಂಡಾರಿಗಳು. ಭಂಡಾರಿಗೆ ಗೌರವ ಕೊಡಬೇಕು, ಲೆಕ್ಕವನ್ನೂ ಕೇಳಬೇಕು. ಕೈಮುಗಿದ ಕೈಗೆ ಲೆಕ್ಕದ ಪುಸ್ತಕ ಹಿಡಿಯಲು ಆಗುವುದಿಲ್ಲ.

ಈ ಮಾತು ಮಠಗಳಿಗೂ ಅನ್ವಯಿಸುತ್ತದೆ. ಕೆಲವರಿಗೆ ಇದು ಹಿತವಾಗಲಿಕ್ಕಿಲ್ಲ. 2008ರ ನಂತರದ ರಾಜ್ಯ ಬಜೆಟ್ಟುಗಳಲ್ಲಿ ಮಠಗಳ ಹೆಸರಿನಲ್ಲಿಯೇ ಅನುದಾನ ಪ್ರಕಟವಾಗುವ ಪದ್ಧತಿ ಬೆಳೆಯಿತು. ಶಾಲೆಗೆ, ಪ್ರಸಾದ ನಿಲಯಕ್ಕೆ ಬಂದ ಹಣದಿಂದ ಬಡ ಮಕ್ಕಳು ಓದಿದ್ದಾರೆ, ಅದನ್ನು ಅಲ್ಲಗಳೆಯಲಾಗದು. ಆದರೆ ವೇದಿಕೆಯಲ್ಲಿ ಮಂತ್ರಿಯ ಪಕ್ಕದಲ್ಲಿ ಕುಳಿತ ಸ್ವಾಮಿಗಳಿಗೆ, ಅದೇ ಮಂತ್ರಿಯ ಇಲಾಖೆಯಿಂದ ಜಮೀನು ಕಳೆದುಕೊಂಡ ಭಕ್ತ ಬಂದು ಅತ್ತರೆ, ಏನು ಹೇಳಲು ಸಾಧ್ಯ? ಸಿದ್ಧಗಂಗೆಯ ಲಿಂಗೈಕ್ಯ ಶಿವಕುಮಾರ ಸ್ವಾಮಿಗಳು ಊರೂರು ಸುತ್ತಿ ಭಿಕ್ಷೆ ಎತ್ತಿ ದಾಸೋಹ ಬೆಳೆಸಿದರು. ಒಂದು ಮೊರ ರಾಗಿ ಕೊಟ್ಟ ರೈತ ಮಠದ ಅಂಗಳಕ್ಕೆ ತಲೆಯೆತ್ತಿಕೊಂಡು ಬರುತ್ತಿದ್ದ. ಜಂಗಮ ಜೋಳಿಗೆ ಹಿಡಿದದ್ದು ಬಡತನಕ್ಕಲ್ಲ, ಯಾರ ಹಂಗಿಗೂ ಬೀಳದೆ ಎಲ್ಲರ ಹಂಗಿನಲ್ಲಿರುವುದಕ್ಕೆ.

ನಮ್ಮ ಹಿರಿಯರು ಬೆಂಗಳೂರಿಗೋ ದೆಹಲಿಗೋ ಹೋಗಿ ಲೆಕ್ಕ ಕೇಳಬೇಕಾಗಿಲ್ಲ. 1993ರ ಪಂಚಾಯತ್ ರಾಜ್ ಕಾಯ್ದೆಯಂತೆ ಆರು ತಿಂಗಳಿಗೆ ಒಮ್ಮೆಯಾದರೂ ಗ್ರಾಮಸಭೆ ಸೇರಬೇಕು. ವರ್ಷಕ್ಕೊಮ್ಮೆ ಜಮಾಬಂದಿ ನಡೆದು ಜಮಾ ಖರ್ಚು ಜನರ ಮುಂದೆ ಬರಬೇಕು. ಕಾರ್ತಿಕದ ದೀಪಕ್ಕೆ, ಯಡಿಯೂರಿನ ಜಾತ್ರೆಗೆ ತಪ್ಪದೆ ಹೊರಡುವ ಹಿರಿಯರು ಆ ಒಂದು ದಿನ ಪಂಚಾಯಿತಿ ಕಚೇರಿಗೂ ಹೋಗಲಿ. ಹಿಂದೆ ನಿಲ್ಲದೆ ಮುಂದಿನ ಸಾಲಿನಲ್ಲಿಯೇ ಕುಳಿತುಕೊಳ್ಳಲಿ. ಕನ್ನಡಕ ಜೊತೆಗಿರಲಿ. ಮೊದಲು ತೆಗೆಸಬೇಕಾದದ್ದು ಕುಡಿಯುವ ನೀರಿನ ಖರ್ಚಿನ ಪುಟ.