ಪ್ರಕ್ಷೇಪ ಜ್ಯಾಮಿತಿ ಮತ್ತು ಯಥಾದೃಷ್ಟಿ ಚಿತ್ರಣ

ಒಂದು ಆಕೃತಿಯನ್ನು ಒಂದು ಬಿಂದುವಿನಿಂದ ಬೇರೊಂದು ಸಮತಲದ ಮೇಲೆ ಪ್ರಕ್ಷೇಪಿಸಿದಾಗಲೂ ಬದಲಾಗದೆ ಉಳಿಯುವ ಗುಣಗಳನ್ನು ಅಭ್ಯಸಿಸುವ ಗಣಿತ ಶಾಖೆಗೆ ಪ್ರಕ್ಷೇಪ ಜ್ಯಾಮಿತಿ ಎಂದು ಹೆಸರು. ದೂರದ ವಸ್ತುಗಳನ್ನು ಕಣ್ಣಿಗೆ ಕಾಣುವಂತೆಯೇ ಚಪ್ಪಟೆ ಪಟದ ಮೇಲೆ ಬರೆಯುವ ಯಥಾದೃಷ್ಟಿ ಚಿತ್ರಣದಲ್ಲಿ ಇದರ ಮೂಲವಿದೆ.

ಚಿತ್ರಕಲೆಯಲ್ಲಿ ಮೂಲ

ನೇರವಾದ ರೈಲುಹಳಿಗಳ ನಡುವಣ ಅಂತರ ಎಲ್ಲೆಡೆಯೂ ಒಂದೇ ಆಗಿದ್ದರೂ ದೂರದಲ್ಲಿ ಅವು ಕೂಡಿದಂತೆ ಕಾಣುತ್ತವೆ. ಇಂತಹ ನೋಟವನ್ನು ಚಿತ್ರಿಸುವ ಕ್ರಮವನ್ನು 15ನೆಯ ಶತಮಾನದ ಆರಂಭದಲ್ಲಿ ಇಟಲಿಯ ಫ್ಲಾರೆನ್ಸ್ ನಗರದ ವಾಸ್ತುಶಿಲ್ಪಿ ಬ್ರುನೆಲ್ಲೆಸ್ಕಿ ಪ್ರಯೋಗದ ಮೂಲಕ ತೋರಿಸಿದನು. ಆಲ್ಬರ್ಟಿ 1435ರಲ್ಲಿ ಚಿತ್ರಕಲೆಯನ್ನು ಕುರಿತು ಬರೆದ ಗ್ರಂಥದಲ್ಲಿ ಅದರ ನಿಯಮಗಳನ್ನು ವಿವರಿಸಿದನು. ಅವನ ಪ್ರಕಾರ ಚಿತ್ರಪಟವು ಒಂದು ತೆರೆದ ಕಿಟಕಿ. ವಸ್ತುವಿನ ಪ್ರತಿಯೊಂದು ಬಿಂದುವನ್ನೂ ಕಣ್ಣಿಗೆ ಸೇರಿಸುವ ರೇಖೆಯು ಪಟವನ್ನು ಛೇದಿಸುವ ಸ್ಥಳವೇ ಆ ಬಿಂದುವಿನ ಚಿತ್ರ. ಪಟದೊಳಕ್ಕೆ ಸಾಗುವ ಸಮಾಂತರ ರೇಖೆಗಳ ಚಿತ್ರಗಳು ಒಂದೆಡೆ ಕೂಡುತ್ತವೆ. ಇದನ್ನು ಲಯಬಿಂದು ಎನ್ನಬಹುದು.

ಗಣಿತದ ರೂಪ

ಸಮಾಂತರ ರೇಖೆಗಳು ಎಂದಿಗೂ ಸಂಧಿಸವು ಎಂಬುದು ಯೂಕ್ಲಿಡ್ ಜ್ಯಾಮಿತಿಯ ನಿಲುವು. ಫ್ರಾನ್ಸಿನ ದೆಸಾರ್ಗ್ (1591–1661) 1639ರ ತನ್ನ ಕೃತಿಯಲ್ಲಿ ಅವು ಅನಂತದಲ್ಲಿರುವ ಒಂದು ಬಿಂದುವಿನಲ್ಲಿ ಸಂಧಿಸುತ್ತವೆ ಎಂದು ಪರಿಗಣಿಸಿದನು. ಚಿತ್ರಕಾರನ ಲಯಬಿಂದು ಈ ಅನಂತಬಿಂದುವಿನ ಚಿತ್ರವೇ ಆಗಿದೆ. ಹೀಗೆ ಕಣ್ಣಿನ ಭ್ರಮೆ ಎನಿಸಿದ್ದಕ್ಕೆ ಗಣಿತದಲ್ಲಿ ಸ್ಥಾನ ದೊರೆಯಿತು. ಸಮತಲದ ಯಾವುದೇ ಎರಡು ಭಿನ್ನ ರೇಖೆಗಳು ಒಂದೇ ಬಿಂದುವಿನಲ್ಲಿ ಸಂಧಿಸುತ್ತವೆ ಎಂದು ಅಪವಾದವಿಲ್ಲದೆ ಹೇಳಲು ಸಾಧ್ಯವಾಯಿತು. ದೆಸಾರ್ಗ್‌ನ ಕೃತಿ ಬಹುಕಾಲ ಮರೆಯಾಗಿತ್ತು. ನೆಪೋಲಿಯನ್ನನ ಸೈನ್ಯದಲ್ಲಿದ್ದು ರಷ್ಯದಲ್ಲಿ ಸೆರೆಸಿಕ್ಕ ಪೋನ್ಸೆಲೆ ಸೆರೆಯಲ್ಲಿಯೇ ಈ ವಿಷಯವನ್ನು ಚಿಂತಿಸಿ, 1822ರಲ್ಲಿ ಪ್ರಕಟಿಸಿದ ಗ್ರಂಥದಿಂದ ಶಾಸ್ತ್ರಕ್ಕೆ ಮರುಜೀವ ನೀಡಿದನು.

ಬದಲಾಗದ ಗುಣಗಳು

ಪ್ರಕ್ಷೇಪಣದಲ್ಲಿ ಉದ್ದ, ಕೋನ ಮತ್ತು ವಿಸ್ತೀರ್ಣಗಳು ಬದಲಾಗುತ್ತವೆ. ವೃತ್ತವು ದೀರ್ಘವೃತ್ತವಾಗಿ ಕಾಣಬಹುದು. ಆದರೆ ಸರಳರೇಖೆಯು ಸರಳರೇಖೆಯಾಗಿಯೇ ಉಳಿಯುತ್ತದೆ. ಒಂದೇ ರೇಖೆಯ ನಾಲ್ಕು ಬಿಂದುಗಳ ಅಡ್ಡ-ಅನುಪಾತವೂ ಬದಲಾಗುವುದಿಲ್ಲ.

ಉದಾಹರಣೆಗೆ, ನೇರ ರಸ್ತೆಯ ಬದಿಯಲ್ಲಿ ಸಮಾನ ಅಂತರದಲ್ಲಿ ನೆಟ್ಟ ನಾಲ್ಕು ಕಂಬಗಳ ಬುಡಗಳನ್ನು ಕ್ರಮವಾಗಿ ಅ, ಬ, ಕ, ಡ ಎನ್ನೋಣ. (ಅಕ × ಬಡ) ÷ (ಬಕ × ಅಡ) ಎಂಬುದರ ಬೆಲೆ (2 × 2) ÷ (1 × 3), ಅಂದರೆ 4/3. ಛಾಯಾಚಿತ್ರದಲ್ಲಿ ಕಂಬಗಳ ಅಂತರ ಕುಗ್ಗುತ್ತ ಹೋದರೂ, ಅಲ್ಲಿ ಅಳೆದು ಲೆಕ್ಕಿಸಿದರೆ ಈ ಬೆಲೆ 4/3 ಆಗಿಯೇ ಇರುತ್ತದೆ. ಛಾಯಾಚಿತ್ರಗಳಿಂದ ನಿಜವಾದ ಅಳತೆಗಳನ್ನು ತಿಳಿಯಲು ಈ ಗುಣವು ನೆರವಾಗುತ್ತದೆ. ಗಣಕಯಂತ್ರದ ಮೂರು ಆಯಾಮದ ಚಿತ್ರಗಳಿಗೂ ಪ್ರಕ್ಷೇಪ ಜ್ಯಾಮಿತಿಯೇ ಆಧಾರ.