ಸಂಯುಕ್ತಾಕ್ಷರವೂ ಕರ್ಸರಿನ ಗತಿಯೂ

ಗಣಕಯಂತ್ರದ ಲೇಖನದ ಚೌಕಟ್ಟಿನಲ್ಲಿ ಮಿನುಗುವ ಸಣ್ಣ ಗೆರೆಗೆ ಕರ್ಸರ್ ಎಂದು ಹೆಸರು. ಮುಂದೆ ಬರೆಯತಕ್ಕ ಅಕ್ಷರವು ಎಲ್ಲಿ ಬೀಳುವುದೆಂಬುದನ್ನು ಅದು ತೋರಿಸುವುದು. ಬಾಣದ ಕೀಲಿಯನ್ನು ಒಂದಾವರ್ತಿ ಒತ್ತಿದರೆ ಈ ಗೆರೆಯು ಎಷ್ಟು ದೂರ ಸರಿಯತಕ್ಕದ್ದು? ಕನ್ನಡದಲ್ಲಿ ಇದು ಅಕ್ಷರವೆಂದರೇನೆಂಬ ವ್ಯಾಕರಣದ ಪ್ರಶ್ನೆಯೇ ಆಗಿರುವುದರಿಂದ ವಿದ್ವಾಂಸರ ವಿಚಾರಕ್ಕೆ ಯೋಗ್ಯವಾಗಿದೆ.

1991ರಲ್ಲಿ ಹೊರಟ ಯೂನಿಕೋಡ್ ಸಂಕೇತಪದ್ಧತಿಯ ಮೊದಲನೆಯ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನವು ದೊರೆಯಿತು. ಅದರಲ್ಲಿ ಅಕಾರಸಹಿತವಾದ ವ್ಯಂಜನಕ್ಕೆ ಒಂದು ಸಂಕೇತ, ಆ ಅಕಾರವನ್ನು ಕಳೆಯುವ ಹಲಂತಚಿಹ್ನೆಗೆ ಮತ್ತೊಂದು, ಸ್ವರಚಿಹ್ನೆಗೆ ಬೇರೊಂದು. 'ಸ್ತ್ರೀ' ಎಂಬಲ್ಲಿ ವೈಯಾಕರಣನು 4 ವರ್ಣಗಳನ್ನು ಎಣಿಸುವನು. ಛಂದಸ್ಸನ್ನು ಬಲ್ಲವನು 1 ಅಕ್ಷರವನ್ನೇ ಎಣಿಸುವನು. ಯಂತ್ರದಲ್ಲಾದರೋ 6 ಸಂಕೇತಗಳಿವೆ.

ಸಂಕೇತಕ್ಕೊಂದು ಹೆಜ್ಜೆಯಂತೆ ಕರ್ಸರು ನಡೆಯಬಾರದೆಂದು ಯೂನಿಕೋಡಿನವರು ಸಂಕೇತಗಳನ್ನು ಗುಚ್ಛಗಳನ್ನಾಗಿ ಕೂಡಿಸುವ ನಿಯಮವನ್ನು ಮಾಡಿದ್ದಾರೆ. ಇದರಂತೆ 'ಕುಂದಗೋಳ' ಎಂಬುದರ 7 ಸಂಕೇತಗಳು ಕುಂ, ದ, ಗೋ, ಳ ಎಂಬ 4 ಗುಚ್ಛಗಳಾಗುವುವು. ಇಲ್ಲಿ ದೋಷವಿಲ್ಲ. ಆದರೆ ಗುಚ್ಛವು ಹಲಂತದಲ್ಲಿ ಮುಗಿಯುವುದಾದರೆ 'ಸ್ತ್ರೀ' ಎಂಬ ಒಂದೇ ಅಕ್ಷರವು ಸ್, ತ್, ರೀ ಎಂದು 3 ತುಂಡಾಗುವುದು. ಒತ್ತಕ್ಷರವು ಕೆಳಗಿರುವುದರಿಂದ ನಡುವೆ ನಿಂತ ಕರ್ಸರಿಗೆ ಕಾಣತಕ್ಕ ಎಡೆಯೇ ಇಲ್ಲ. 'ಕರ್ಣಾಟಕ'ದಲ್ಲಿ ತೊಡಕು ಇನ್ನೂ ಹೆಚ್ಚು. ರೇಫವು ಸಂಕೇತಕ್ರಮದಲ್ಲಿ ಣಕಾರಕ್ಕಿಂತ ಮೊದಲು, ಬರಹದಲ್ಲಿ ಅದರ ತರುವಾಯ. ಅವೆರಡರ ನಡುವೆ ಅರಿಯದೆ ಮಕಾರವನ್ನು ಒತ್ತಿದರೆ 'ಕರ್ಮಣಾಟಕ'ವಾಗುವುದು.

2023ರಲ್ಲಿ ಯೂನಿಕೋಡಿನ 15.1ನೆಯ ಆವೃತ್ತಿಯು ಸಂಯುಕ್ತಾಕ್ಷರವನ್ನು ಒಡೆಯಬಾರದೆಂಬ ನಿಯಮವನ್ನು ಸೇರಿಸಿತು. ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳ ಲಿಪಿಗಳು ಅದಕ್ಕೆ ಒಳಪಟ್ಟವು. ಆ ಪಟ್ಟಿಯಲ್ಲಿ ಕನ್ನಡವಿಲ್ಲ. ತೆಲುಗಿನ ಒತ್ತಕ್ಷರಕ್ಕೂ ನಮ್ಮದಕ್ಕೂ ಇರುವ ಸಾದೃಶ್ಯವನ್ನು ಬಲ್ಲವರಿಗೆ ಈ ಭೇದವು ಯುಕ್ತವೆಂದು ತೋರದು.

ನಡುವೆ ನಿಲುಗಡೆಯಿದ್ದರೆ ಒತ್ತಕ್ಷರವೊಂದನ್ನೇ ತಿದ್ದಬಹುದಲ್ಲವೆ ಎಂದು ಪೂರ್ವಪಕ್ಷವು ಏಳಬಹುದು. ಆ ಕಾರ್ಯಕ್ಕೆ ಬ್ಯಾಕ್‌ಸ್ಪೇಸ್ ಕೀಲಿಯುಂಟು. ಅದು ಬರೆದ ಕ್ರಮಕ್ಕೆ ವಿಪರೀತವಾಗಿ ಒಂದೊಂದೇ ಸಂಕೇತವನ್ನು ಅಳಿಸುತ್ತ ಬರಲಿ. ಬಾಣದ ಕೀಲಿಯು ಮಾತ್ರ ಅಕ್ಷರದಿಂದ ಅಕ್ಷರಕ್ಕೆ ಹೋಗಲಿ. 'ಪಾರ್ಕ್‌ನಲ್ಲಿ' ಎಂಬಂತೆ ಬರೆಯುವವನು ತಾನಾಗಿಯೇ ಒತ್ತನ್ನು ತಡೆದು ಅರ್ಧಾಕ್ಷರವನ್ನು ಬಿಡಿಯಾಗಿ ನಿಲ್ಲಿಸಿದಲ್ಲಿ ಕರ್ಸರೂ ನಿಲ್ಲತಕ್ಕದ್ದು. ಇದೊಂದೇ ಅಪವಾದ.

ಪ್ರಾಚೀನ ಕಾವ್ಯಗಳ ಪಾಠಗಳನ್ನು ಈಗ ಗಣಕದಲ್ಲಿಯೇ ಶೋಧಿಸುತ್ತಿರುವುದರಿಂದ, ಕಾಣದ ಎಡೆಯಲ್ಲಿ ಬಿದ್ದ ಒಂದು ಅಕ್ಷರವು ಗಣವನ್ನೂ ಅರ್ಥವನ್ನೂ ಕೆಡಿಸಬಲ್ಲದು. ಅಕ್ಷರಲಕ್ಷಣವನ್ನು ನಿರ್ಣಯಿಸುವ ಅಧಿಕಾರವು ಯಂತ್ರಶಿಲ್ಪಿಗಳೊಬ್ಬರದೇ ಅಲ್ಲ. ಕನ್ನಡ ಪಂಡಿತರು ಸಂಯುಕ್ತಾಕ್ಷರದ ಲಕ್ಷಣವನ್ನು ಉದಾಹರಣೆಗಳೊಡನೆ ಬರೆದು ಯೂನಿಕೋಡಿನವರ ಮುಂದಿಡುವುದು ಅವಶ್ಯವಾಗಿದೆ.