ಮಣ್ಣಿನಡಿಯ ಮಾರ್ದನಿ

ಕಳೆದುಹೋದ ಒಡವೆ ಎಲ್ಲಿದೆ ಎಂದು ತಿಳಿಯಲು ನಮ್ಮ ಕಡೆ ಅಂಜನ ಹಾಕಿಸುತ್ತಿದ್ದರು. ವೀಳ್ಯದೆಲೆಗೆ ಕಪ್ಪು ಸವರಿ, ದೀಪದ ಬೆಳಕಿಗೆ ಹಿಡಿದು, ‘ಏನು ಕಾಣುತ್ತೆ ನೋಡಪ್ಪಾ’ ಎಂದು ಚಿಕ್ಕ ಹುಡುಗನನ್ನು ಕೇಳುವುದು. ನವೆಂಬರ್ ತಿಂಗಳ ಒಂದು ಶನಿವಾರ, ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಕೊಯ್ಲಾದ ಮುಸುಕಿನ ಜೋಳದ ಹೊಲವೊಂದರಲ್ಲಿ ಕಿವಿಗೆ ಹೆಡ್‌ಫೋನ್ ಏರಿಸಿಕೊಂಡು, ಉದ್ದನೆಯ ಕೋಲೊಂದನ್ನು ಕಸ ಗುಡಿಸುವಂತೆ ಎಡಕ್ಕೂ ಬಲಕ್ಕೂ ಆಡಿಸುತ್ತಿದ್ದಾಗ ನನಗೆ ಆ ಅಂಜನ ನೆನಪಾಯಿತು. ಇಲ್ಲಿ ಮಾತ್ರ ನೋಡುವುದೇನೂ ಇರಲಿಲ್ಲ. ಎಲ್ಲವೂ ಕೇಳುವುದೇ.

ನಾವು ಮೂವರಿದ್ದೆವು. ನಾನು, ಇಪ್ಪತ್ತು ವರ್ಷದಿಂದ ಅಲ್ಲೇ ನೆಲೆಸಿರುವ ಹಾಸನದ ಗೆಳೆಯ, ಮತ್ತು ಅವನ ನೆರೆಮನೆಯ ಹಿರಿಯರು. ಮೆಟಲ್ ಡಿಟೆಕ್ಟರ್ ಹಿಡಿದು ಹೊಲಗದ್ದೆ ತಿರುಗುವುದು ಆ ಹಿರಿಯರಿಗೆ ಮೂವತ್ತು ವರ್ಷಗಳ ಹವ್ಯಾಸ. ಹೊಲದ ಯಜಮಾನನ ಅನುಮತಿ ಪಡೆದು, ಸಿಕ್ಕಿದ್ದನ್ನೆಲ್ಲ ಅವನಿಗೆ ತೋರಿಸುವ ಮಾತು ಕೊಟ್ಟೇ ನಮ್ಮನ್ನು ಕರೆತಂದಿದ್ದರು. ಅಮೆರಿಕ ಇನ್ನೂ ಬ್ರಿಟಿಷರ ವಸಾಹತಾಗಿದ್ದ ಕಾಲದಿಂದಲೂ ಇಲ್ಲಿ ಬೇಸಾಯ ನಡೆದಿದೆ. ಎರಡೂವರೆ ಶತಮಾನದ ಹಿಂದೆ ಇಲ್ಲಿ ಉತ್ತು ಬಿತ್ತಿದವರ ಜೇಬಿನಿಂದ, ಅಂಗಿಯಿಂದ, ಕುದುರೆಯ ಜೀನಿನಿಂದ ಉದುರಿದ್ದೆಲ್ಲ ಇದೇ ಮಣ್ಣಿನಲ್ಲಿದೆ.

ಮೊದಲ ಅರ್ಧ ಗಂಟೆ ಬರೀ ಗೊರಗೊರ. ಅದು ಕಬ್ಬಿಣದ ದನಿ. ಕುಲುಮೆಯಲ್ಲಿ ಬಡಿದ ಹಳೆಯ ಮೊಳೆಗಳು ಹೆಜ್ಜೆಗೊಂದರಂತೆ ಇದ್ದವು. ನಡುವೆ ಒಮ್ಮೆ ಸಣ್ಣದಾಗಿ ‘ಟಿಣ್’ ಎಂದಿತು. ಗೆಳೆಯ ಕೈಯೆತ್ತಿ ನಿಲ್ಲಿಸಿದ. ‘ಕೇಳಿಸ್ತಾ? ಇದು ಮೊಳೆ ಅಲ್ಲ ಕಣೋ.’

ಅಲ್ಲವೆಂದು ಅವನಿಗೆ ಹೇಗೆ ಗೊತ್ತಾಯಿತು? ಈ ಯಂತ್ರದ ಬೆರಗೆಲ್ಲ ಆ ಪ್ರಶ್ನೆಯಲ್ಲೇ ಇದೆ.

ಕೋಲಿನ ತುದಿಯಲ್ಲಿರುವ ತಟ್ಟೆಯೊಳಗೆ ತಾಮ್ರದ ತಂತಿಯ ಎರಡು ಸುರುಳಿಗಳಿವೆ. ಒಂದು ಹೇಳುವ ಸುರುಳಿ, ಇನ್ನೊಂದು ಕೇಳುವ ಸುರುಳಿ. ಮೊದಲನೆಯದರಲ್ಲಿ ವಿದ್ಯುತ್ತು ಸೆಕೆಂಡಿಗೆ ಹತ್ತು ಸಾವಿರ ಸಲದ ಆಜುಬಾಜಿನಲ್ಲಿ ಹಿಂದೆಮುಂದೆ ಹರಿಯುತ್ತದೆ. ಅದರ ಜೊತೆಗೇ ತಟ್ಟೆಯ ಸುತ್ತ ಕಾಂತಕ್ಷೇತ್ರವೊಂದು ಹುಟ್ಟುತ್ತ, ಅಳಿಯುತ್ತ, ದಿಕ್ಕು ಬದಲಿಸುತ್ತ ಮಣ್ಣಿನೊಳಕ್ಕೆ ಇಳಿಯುತ್ತದೆ. ಬದಲಾಗುವ ಕಾಂತಕ್ಷೇತ್ರ ಲೋಹದಲ್ಲಿ ವಿದ್ಯುತ್ತನ್ನು ಹುಟ್ಟಿಸುತ್ತದೆಂದು ಮೈಕೆಲ್ ಫ್ಯಾರಡೆ 1831ರಲ್ಲೇ ತೋರಿಸಿಕೊಟ್ಟಿದ್ದರು. ಹೂತುಹೋದ ನಾಣ್ಯದಲ್ಲೂ ಅದೇ ಆಗುತ್ತದೆ. ಹೊಳೆಯಲ್ಲಿ ಹುಟ್ಟು ಹಾಕಿದಾಗ ನೀರು ಸುಳಿಯುವ ಹಾಗೆ ನಾಣ್ಯದ ಮೈಯಲ್ಲಿ ವಿದ್ಯುತ್ತು ಸುಳಿಯುತ್ತದೆ. ಅದಕ್ಕೆ ಸುಳಿವಿದ್ಯುತ್ ಎಂದೇ ಹೆಸರು. ಆ ಸುಳಿಗೂ ತನ್ನದೇ ಪುಟ್ಟ ಕಾಂತಕ್ಷೇತ್ರವಿದೆ. ಅದು ಮೇಲೆದ್ದು ಬಂದು ಎರಡನೆಯ ಸುರುಳಿಗೆ ತಾಗುತ್ತದೆ.

ಆ ಮಾರ್ದನಿ ಎಷ್ಟು ಕ್ಷೀಣವೆಂದರೆ, ಪಕ್ಕದಲ್ಲೇ ಇರುವ ಹೇಳುವ ಸುರುಳಿಯ ಅಬ್ಬರದಲ್ಲಿ ಅದು ಕೇಳಿಸಲೇಬಾರದು. ಅದಕ್ಕೆಂದೇ ಎರಡೂ ಸುರುಳಿಗಳನ್ನು ಸ್ವಲ್ಪ ಒಂದರ ಮೇಲೊಂದು ಬರುವಂತೆ, ಒಂದರ ಪ್ರಭಾವ ಇನ್ನೊಂದರಲ್ಲಿ ಕೂಡಿ ಕಳೆದು ಸೊನ್ನೆಯಾಗುವಂತೆ ಕೂರಿಸಿರುತ್ತಾರೆ. ಕೂದಲೆಳೆಯಷ್ಟು ಸರಿದರೂ ಆ ಮೌನ ಕೆಡುತ್ತದೆ. ಆ ಮೌನವನ್ನು ಮುರಿಯುವುದು ಲೋಹವೊಂದೇ ಆಗಿರಬೇಕು, ಯಂತ್ರ ಕಟ್ಟುವವರ ಜಾಣತನವೆಲ್ಲ ಅದಕ್ಕೇ ಮೀಸಲು.

ಲೋಹ ಇದೆ ಎನ್ನುವುದು ಹೀಗೆ ಗೊತ್ತಾಗುತ್ತದೆ. ಯಾವ ಲೋಹ? ದೇವಸ್ಥಾನದ ಗಂಟೆಯನ್ನು ಒಮ್ಮೆ ಬಾರಿಸಿ ಬಿಟ್ಟರೆ ನಾದ ಬಹಳ ಹೊತ್ತು ನಿಲ್ಲುತ್ತದೆ. ತಗಡಿನ ಡಬ್ಬ ಬಡಿದರೆ ‘ಡಬ್’ ಎಂದು ಅಲ್ಲಿಗೇ ಮುಗಿಯುತ್ತದೆ. ಸುಳಿವಿದ್ಯುತ್ತಿನದೂ ಅದೇ ಕಥೆ. ಬೆಳ್ಳಿ, ತಾಮ್ರಗಳಲ್ಲಿ ತಡೆ ಕಡಿಮೆ. ಒಮ್ಮೆ ಎದ್ದ ಸುಳಿ ಆರಲು ಸಮಯ ಹಿಡಿಯುತ್ತದೆ, ಉತ್ತರ ತಡವಾಗಿ ಬರುತ್ತದೆ. ತೆಳ್ಳಗಿನ ಅಲ್ಯೂಮಿನಿಯಂ ಹಾಳೆಯಲ್ಲಿ ಹುಟ್ಟಿದಷ್ಟೇ ಬೇಗ ಸಾಯುತ್ತದೆ. ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದೆರಡು ಪಾಲಿನಷ್ಟು ಸಣ್ಣ ವ್ಯತ್ಯಾಸವನ್ನು ಹಿಡಿದು ಯಂತ್ರ ಅದನ್ನೊಂದು ಅಂಕಿಯಾಗಿ, ಒಂದು ಸ್ವರವಾಗಿ ನಮಗೆ ಒಪ್ಪಿಸುತ್ತದೆ. ಕಬ್ಬಿಣದ ದಾರಿಯೇ ಬೇರೆ. ಅದು ಕಾಂತಕ್ಷೇತ್ರವನ್ನೇ ತನ್ನೊಳಗೆ ಎಳೆದುಕೊಳ್ಳುವುದರಿಂದ ಅದರ ಉತ್ತರ ಬೇರೆಯದೇ ಹದದಲ್ಲಿ ಬರುತ್ತದೆ.

ಹಾಗಾಗಿ ಈ ಯಂತ್ರಕ್ಕೆ ಚಿನ್ನ, ಬೆಳ್ಳಿ ಎಂಬುದೇನೂ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ತಡವೊಂದೇ. ಆ ತಡವನ್ನು ನಿರ್ಧರಿಸುವುದು ಲೋಹದ ಗುಣ ಮಾತ್ರವಲ್ಲ, ವಸ್ತುವಿನ ದಪ್ಪ, ಅಗಲ, ಆಕಾರ ಎಲ್ಲವೂ. ತಂಪುಪಾನೀಯದ ಡಬ್ಬದಿಂದ ಕಿತ್ತೆಸೆದ ಅಲ್ಯೂಮಿನಿಯಂ ಕೊಂಡಿಯೂ ಸಣ್ಣ ಚಿನ್ನದ ಉಂಗುರವೂ ಅದರ ಪಾಲಿಗೆ ಒಂದೇ ಸ್ವರ. ಬೆಳಗ್ಗೆ ನನಗೆ ಸಿಕ್ಕ ಮೊದಲ ಮೂರು ‘ಒಳ್ಳೆಯ’ ಸದ್ದುಗಳೂ ಅಂಥ ಕೊಂಡಿಗಳೇ.

ಮಣ್ಣೂ ಸುಮ್ಮನಿರುವುದಿಲ್ಲ. ಅದರಲ್ಲೂ ಕಬ್ಬಿಣದ ಆಕ್ಸೈಡ್ ಇದೆ, ಅದೂ ಗುನುಗುತ್ತಿರುತ್ತದೆ. ಶುರುಮಾಡುವ ಮೊದಲು ಹಿರಿಯರು ತಟ್ಟೆಯನ್ನು ನೆಲದ ಹತ್ತಿರ ನಾಲ್ಕಾರು ಸಲ ಎತ್ತಿ ಇಳಿಸಿ ಯಂತ್ರಕ್ಕೆ ಆ ನೆಲದ ಸ್ವಭಾವ ಕಲಿಸಿದರು. ಇಷ್ಟು ಮಣ್ಣಿನದು, ಇದನ್ನು ಲೆಕ್ಕದಿಂದ ಬಿಡು ಎಂದು ಹೇಳಿದ ಹಾಗೆ. ನಮ್ಮ ಕರಾವಳಿ, ಮಲೆನಾಡುಗಳ ಜಂಬಿಟ್ಟಿಗೆ ನೆಲದಂಥ ಕಬ್ಬಿಣ ತುಂಬಿದ ಮಣ್ಣಿನಲ್ಲಿ ಈ ಪಾಠ ಇನ್ನೂ ಕಷ್ಟ.

ಈ ಯಂತ್ರದ ಹುಟ್ಟಿನ ಕಥೆ ನಾಣ್ಯದ್ದಲ್ಲ, ಗಾಯದ್ದು. 1881ರ ಜುಲೈ 2ರಂದು ಅಮೆರಿಕದ ಅಧ್ಯಕ್ಷ ಜೇಮ್ಸ್ ಗಾರ್‌ಫೀಲ್ಡ್ ಅವರ ಮೇಲೆ ವಾಷಿಂಗ್ಟನ್ನಿನ ರೈಲು ನಿಲ್ದಾಣದಲ್ಲಿ ಗುಂಡು ಹಾರಿತು. ಒಂದು ಗುಂಡು ದೇಹದೊಳಗೇ ಉಳಿಯಿತು. ಎಕ್ಸ್-ರೇ ಇನ್ನೂ ಹದಿನಾಲ್ಕು ವರ್ಷ ದೂರದಲ್ಲಿತ್ತು. ಆಗ ಮುಂದೆ ಬಂದವರು ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್. ಪರಸ್ಪರ ಮೌನವಾಗಿರುವ ಸುರುಳಿಗಳು, ಮೌನ ಮುರಿದರೆ ಕೇಳಿಸಿಕೊಳ್ಳಲು ಟೆಲಿಫೋನಿನ ಕಿವಿ. ನನ್ನ ಕೈಯಲ್ಲಿದ್ದ ಯಂತ್ರದ ಮೂಲ ತತ್ವವೂ ಅದೇ. ಹಿಂದಿನ ಅಂತರ್ಯುದ್ಧದಲ್ಲಿ ಗುಂಡು ತಿಂದು, ಅದನ್ನು ಮೈಯಲ್ಲೇ ಹೊತ್ತು ಬದುಕಿದ್ದ ಸೈನಿಕರ ಮೇಲೆ ಬೆಲ್ ಅದನ್ನು ಪರೀಕ್ಷಿಸಿದರು, ಕೆಲಸ ಮಾಡಿತು. ಅಧ್ಯಕ್ಷರ ಮೇಲೆ ಮಾತ್ರ ಎಲ್ಲೆಡೆ ಸದ್ದು ಬಂತು, ಗುಂಡಿನ ಜಾಗ ತಿಳಿಯಲಿಲ್ಲ. ಅವರ ಹಾಸಿಗೆಯೊಳಗೆ ಉಕ್ಕಿನ ಸ್ಪ್ರಿಂಗ್‌ಗಳಿದ್ದವೆಂದು ಬೆಲ್‌ಗೆ ಆಮೇಲೆ ತಿಳಿಯಿತು. ಸಾಲದ್ದಕ್ಕೆ, ಗುಂಡು ಬಲಗಡೆಯೇ ಇದೆಯೆಂದು ನಂಬಿದ್ದ ವೈದ್ಯರು ಎಡಭಾಗವನ್ನು ಹುಡುಕಲು ಬಿಡಲಿಲ್ಲ. ಸೆಪ್ಟೆಂಬರ್ 19ರಂದು ಅಧ್ಯಕ್ಷರು ತೀರಿಕೊಂಡರು. ಶವಪರೀಕ್ಷೆಯಲ್ಲಿ ಗುಂಡು ಸಿಕ್ಕಿದ್ದು ಬೆನ್ನೆಲುಬಿನ ಎಡಕ್ಕೆ. ಯಂತ್ರ ಸರಿಯಾಗಿಯೇ ಕೇಳಿಸಿಕೊಂಡಿತ್ತು. ಎಲ್ಲಿ ಕೇಳಬೇಕೆಂದು ತೀರ್ಮಾನಿಸಿದವರು ಎಡವಿದ್ದರು. ಈ ಕಥೆ ಓದಿದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಮುಂದೆ ಎರಡನೆಯ ಮಹಾಯುದ್ಧದಲ್ಲಿ ಪೋಲೆಂಡಿನ ಯೂಝೆಫ್ ಕೊಸಾಟ್ಸ್ಕಿ ಎಂಬ ಸೈನ್ಯಾಧಿಕಾರಿ ಒಬ್ಬನೇ ಹೊತ್ತು ನಡೆಯಬಹುದಾದ ನೆಲಬಾಂಬ್ ಶೋಧಕವನ್ನು ರೂಪಿಸಿದರು. 1942ರ ಎಲ್ ಅಲಮೇನ್ ಕದನದಲ್ಲಿ ಅಂಥ 500 ಯಂತ್ರಗಳು ಮರುಭೂಮಿಯ ದಾರಿ ತೆರೆದವು. ಟ್ರಾನ್ಸಿಸ್ಟರ್ ಬಂದ ಮೇಲೆ ಯಂತ್ರ ಹಗುರಾಗಿ ಹವ್ಯಾಸಿಗಳ ಕೈಗೂ ಸೇರಿತು.

ನಮ್ಮ ‘ಟಿಣ್’ ಬಂದ ಜಾಗದಲ್ಲಿ ಹಿರಿಯರು ತಟ್ಟೆಯನ್ನು ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಆಡಿಸಿದರು. ಎರಡೂ ಗೆರೆ ಕೂಡಿದಲ್ಲಿ ವಸ್ತು. ತೀರ ಆಳದಲ್ಲಿರಲಿಕ್ಕಿಲ್ಲ ಎಂದರು. ಅಂಗೈಯಗಲದ ನಾಣ್ಯವಲ್ಲದಿದ್ದರೆ ಇಪ್ಪತ್ತು ಇಪ್ಪತ್ತೈದು ಸೆಂಟಿಮೀಟರಿನ ಕೆಳಗಿನದು ಈ ಯಂತ್ರಕ್ಕೆ ಕೇಳಿಸುವುದೇ ಕಷ್ಟ. ಹೇಳುವ ಸುರುಳಿಯ ಬಲ ಇಳಿಯುತ್ತ ಇಳಿಯುತ್ತ ಸೊರಗುತ್ತದೆ, ನಾಣ್ಯದ ಉತ್ತರ ಏರುತ್ತ ಏರುತ್ತ ಮತ್ತೆ ಸೊರಗುತ್ತದೆ. ಆಳ ಎರಡರಷ್ಟಾದರೆ ಸದ್ದು ಹತ್ತಿರ ಹತ್ತಿರ ಅರವತ್ತನಾಲ್ಕನೇ ಒಂದು ಪಾಲಿಗೆ ಕುಸಿಯುತ್ತದೆ.

ನೆಲದ ಮೇಲೆ ಬಿದ್ದದ್ದು ಇಷ್ಟು ಕೆಳಗೆ ಹೋಗುವುದಾದರೂ ಹೇಗೆ? ಹೊಲದಲ್ಲಿ ನೇಗಿಲು ಮಣ್ಣನ್ನು ಮಗುಚುತ್ತಲೇ ಇರುತ್ತದೆ. ಉಳದ ಹುಲ್ಲುಗಾವಲಿನಲ್ಲಿ ಈ ಕೆಲಸ ಎರೆಹುಳುವಿನದು. ಅದು ಕೆಳಗಿನ ಮಣ್ಣನ್ನು ತಿಂದು ಮೇಲೆ ಹಿಕ್ಕೆ ಹಾಕುತ್ತ ಹೋದಂತೆ ಮೇಲಿದ್ದ ಕಲ್ಲು, ನಾಣ್ಯ ಮೆಲ್ಲಗೆ ಮುಳುಗುತ್ತವೆ. ಚಾರ್ಲ್ಸ್ ಡಾರ್ವಿನ್ ತಮ್ಮ ಕೊನೆಯ ಪುಸ್ತಕದಲ್ಲಿ ಇದನ್ನೇ ವಿವರಿಸಿದ್ದಾರೆ, ಅದು ಬಂದದ್ದೂ 1881ರಲ್ಲೇ. ನನ್ನನ್ನು ಹಿಡಿದು ನಿಲ್ಲಿಸಿದ ಸಂಗತಿ ಇನ್ನೊಂದಿದೆ. ಹಿಮಯುಗದಲ್ಲಿ ಮಂಜಿನ ಹಾಸಿನಡಿ ಹೂತಿದ್ದ ಅಮೆರಿಕದ ಈ ಉತ್ತರ ಭಾಗದಲ್ಲಿ ಮೂಲ ಎರೆಹುಳುಗಳೇ ಉಳಿದಿರಲಿಲ್ಲ. ಇಂದಿರುವವು ಯುರೋಪಿನವು, ವಲಸೆ ಬಂದವರ ಗಿಡಗಳ ಬೇರಿನ ಮಣ್ಣಿನಲ್ಲಿ, ಹಡಗಿನ ಭಾರಕ್ಕೆ ತುಂಬಿದ ಮಣ್ಣಿನಲ್ಲಿ ಬಂದಿಳಿದವು. ನಾಣ್ಯ ಬೀಳಿಸಿಕೊಂಡವರೇ ಅದನ್ನು ಹೂಳುವ ಹುಳುವನ್ನೂ ಜೊತೆಗೆ ತಂದಿದ್ದರು.

ಗೆಳೆಯ ಸಲಿಕೆಯಿಂದ ಮಣ್ಣಿನ ಬಿಲ್ಲೆಯೊಂದನ್ನು ಮುರಿಯದಂತೆ ಎತ್ತಿಟ್ಟ. ಹೆಂಟೆ ಒಡೆದಾಗ ಒಂದು ಹಸಿರು ಅಂಚು ಕಂಡಿತು. ನಾನು ಅವಸರದಲ್ಲಿ ಹೆಬ್ಬೆರಳಿನಿಂದ ಒರೆಸಹೊರಟೆ, ಹಿರಿಯರು ಮೆಲ್ಲಗೆ ಕೈ ಹಿಡಿದರು. ಮರಳಿನ ಕಣ ಒಂದೇ ತಿಕ್ಕಿಗೆ ಇನ್ನೂರೈವತ್ತು ವರ್ಷ ಉಳಿದ ಗೆರೆಯನ್ನು ಅಳಿಸಿಬಿಡುತ್ತದಂತೆ. ನೀರು ಚಿಮುಕಿಸಿ ನೋಡಿದರೆ, ಮಟ್ಟಸವಾದ ಹಿತ್ತಾಳೆ ಬಿಲ್ಲೆ, ಹಿಂದೆ ದಾರ ಪೋಣಿಸುವ ಪುಟ್ಟ ಕೊಂಡಿ ಸೊಟ್ಟಗಾಗಿ ಉಳಿದಿದೆ. ಗುಂಡಿ ತೋಡಿದ್ದಕ್ಕೆ ಗುಂಡಿಯೇ ಸಿಕ್ಕಿತ್ತು, ಕೋಟಿನ ಗುಂಡಿ. ಈ ಹೊಲಗಳಲ್ಲಿ ಮೊಳೆ ಬಿಟ್ಟರೆ ಹೆಚ್ಚು ಸಿಗುವುದು ಇವೇ. ಹೊಲಿಗೆ ಸಡಿಲಾದ ಕೋಟು ತೊಟ್ಟು ದಿನವಿಡೀ ಬಗ್ಗಿ ಕೆಲಸ ಮಾಡಿದ ಯಾರದೋ ಎದೆಯ ಮೇಲಿನಿಂದ ಉದುರಿದ್ದು. ಆ ಕೊಂಡಿಯನ್ನು ನೋಡುತ್ತ ನಾನು ಬಹಳ ಹೊತ್ತು ಕೂತೆ.

ಊಟದ ಹೊತ್ತಿಗೆ ಹಿರಿಯರು ತಮ್ಮ ಹಳೆಯ ಡಬ್ಬಿ ತೆಗೆದು ಸ್ಪೇನಿನ ಒಂದು ರಿಯಾಲ್ ಬೆಳ್ಳಿ ನಾಣ್ಯ ತೋರಿಸಿದರು. ಮೂರು ಗ್ರಾಂ ಚಿಲ್ಲರೆ ತೂಕ, ಸವೆದು ಬೆಣ್ಣೆಯಂತಾಗಿದೆ. ಇಂಗ್ಲಿಷರ ವಸಾಹತಿನಲ್ಲಿ ಸ್ಪೇನಿನ ನಾಣ್ಯವೇಕೆ? ಇಂಗ್ಲೆಂಡಿನಿಂದ ಬರುತ್ತಿದ್ದ ಬೆಳ್ಳಿ ನಾಣ್ಯ ವ್ಯವಹಾರಕ್ಕೆ ಸಾಲುತ್ತಿರಲಿಲ್ಲ, ಮೆಕ್ಸಿಕೋದಲ್ಲಿ ಟಂಕಿಸಿದ ಸ್ಪ್ಯಾನಿಷ್ ಬೆಳ್ಳಿಯೇ ಕೈಯಿಂದ ಕೈಗೆ ಓಡಾಡುತ್ತಿತ್ತು. ಸ್ವತಂತ್ರ ಅಮೆರಿಕದಲ್ಲೂ 1857ರವರೆಗೆ ಅದು ಕಾನೂನುಬದ್ಧ ಹಣ. ಇನ್ನೂ ದೂರದ ನಾಣ್ಯಗಳೂ ಸಿಕ್ಕಿವೆ. ಪಕ್ಕದ ರೋಡ್ ಐಲೆಂಡಿನಲ್ಲಿ 2014ರಲ್ಲಿ ಹವ್ಯಾಸಿಯೊಬ್ಬರಿಗೆ 1693ರಲ್ಲಿ ಯೆಮನ್‌ನಲ್ಲಿ ಟಂಕಿಸಿದ ಬೆಳ್ಳಿ ನಾಣ್ಯ ದೊರೆಯಿತು. 1695ರಲ್ಲಿ ಹೆನ್ರಿ ಎವರಿ ಎಂಬ ಕಡಲ್ಗಳ್ಳ ಮೆಕ್ಕಾದಿಂದ ಸೂರತ್‌ಗೆ ಮರಳುತ್ತಿದ್ದ ಔರಂಗಜೇಬನ ಗಂಜ್-ಇ-ಸವಾಯಿ ಹಡಗನ್ನು ದೋಚಿದ್ದ. ಆ ಲೂಟಿಯ ಪಾಲು ಹಂಚಿಕೊಂಡವರು ಇಲ್ಲಿಗೆ ಬಂದು ಅಡಗಿದ್ದರ ಗುರುತೇ ಈ ನಾಣ್ಯ ಎಂಬುದು ಅದನ್ನು ಹುಡುಕಿದವರ ವಾದ.

ಮಧ್ಯಾಹ್ನ ನನ್ನ ಪಾಲಿಗೆ ಸೀಸದ ಗುಂಡೊಂದು ಬಂತು. ಮೇಲೆ ಸುಣ್ಣ ಬಳಿದಂಥ ಬಿಳಿ ಪೊರೆ, ಒಂದು ಬದಿ ಚಪ್ಪಟೆ. ಗೆಳೆಯನ ಅಡುಗೆಮನೆಯ ತಕ್ಕಡಿಯಲ್ಲಿ ಆಮೇಲೆ ತೂಗಿದಾಗ 31 ಗ್ರಾಂ. ಸೀಸದ ಸಾಂದ್ರತೆ ಗೊತ್ತಿರುವುದರಿಂದ ಜಜ್ಜಿದ ಗುಂಡನ್ನೂ ತೂಗಿ ಅದರ ಮೂಲ ವ್ಯಾಸ ಹೇಳಬಹುದು. ಇದರದು ಹದಿನೇಳು ಮಿಲಿಮೀಟರ್ ಮೀರಿದ ವ್ಯಾಸ, ಬ್ರಿಟಿಷರ ಬ್ರೌನ್ ಬೆಸ್ ಕೋವಿಗೆ ಹೊಂದುವಂಥದ್ದು. ಫ್ರೆಂಚ್ ಕೋವಿಯದಾಗಿದ್ದರೆ 25 ಗ್ರಾಂ ಆಸುಪಾಸು ಇರುತ್ತಿತ್ತು. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ 1781ರಲ್ಲಿ ಯಾರ್ಕ್‌ಟೌನಿನಲ್ಲಿ ಶರಣಾದ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್ 1792ರಲ್ಲಿ ಶ್ರೀರಂಗಪಟ್ಟಣವನ್ನು ಮುತ್ತಿದಾಗಲೂ ಅವನ ಸಿಪಾಯಿಗಳ ಹೆಗಲ ಮೇಲಿದ್ದದ್ದು ಇದೇ ಬಗೆಯ ಕೋವಿ. ಆದರೆ ಇಲ್ಲಿನ ರೈತರೂ ಅದೇ ಕೋವಿ ಇಟ್ಟುಕೊಂಡಿದ್ದರು. ಒಂಟಿ ಗುಂಡು ಯಾರದೆಂದು ಹೇಳಲಾಗದು.

ಒಂಟಿಯಾಗಿಲ್ಲದಿದ್ದರೆ? ಲೆಕ್ಸಿಂಗ್ಟನ್ ಬಳಿಯ ಮಿನಿಟ್ ಮ್ಯಾನ್ ರಾಷ್ಟ್ರೀಯ ಉದ್ಯಾನದಲ್ಲಿ ಪುರಾತತ್ವಜ್ಞರು ಇದೇ ಯಂತ್ರ ಹಿಡಿದು ಇಂಚಿಂಚು ನಡೆದರು. 1775ರ ಏಪ್ರಿಲ್ 19ರ ಬೆಳಗ್ಗೆ ಬ್ರಿಟಿಷರ ಗುಂಡಿಗೆ ತಮ್ಮ ಎಂಟು ಮಂದಿಯನ್ನು ಕಳೆದುಕೊಂಡ ಲೆಕ್ಸಿಂಗ್ಟನ್ನಿನ ರೈತರು ಕ್ಯಾಪ್ಟನ್ ಜಾನ್ ಪಾರ್ಕರ್ ಹಿಂದೆ ಹೋಗಿ, ಅದೇ ಮಧ್ಯಾಹ್ನ ಹಿಮ್ಮೆಟ್ಟುತ್ತಿದ್ದ ಬ್ರಿಟಿಷ್ ಸೈನ್ಯದ ಮೇಲೆ ಎರಗಿದ್ದರು. ಎಲ್ಲಿ ಎಂಬುದು ಖಚಿತವಿರಲಿಲ್ಲ. ಸಿಕ್ಕಿದ್ದು 29 ಗುಂಡುಗಳು. ಮಾರಿದರೆ ಹೆಚ್ಚು ಬೆಲೆ ಬಾಳದಂಥವು. ಒಂದೊಂದೂ ಬಿದ್ದಿದ್ದ ಜಾಗವನ್ನು ನಕ್ಷೆಗೆ ಏರಿಸಿದಾಗ ಯಾರು ಎಲ್ಲಿ ನಿಂತು ಯಾವ ಕಡೆಗೆ ಹೊಡೆದರು ಎಂಬುದು ಎದ್ದು ಬಂತು. ಯಾರಾದರೂ ಮುಂಚೆಯೇ ಅವನ್ನು ಜೇಬಿಗೆ ಹಾಕಿಕೊಂಡು ಹೋಗಿದ್ದರೆ ಆ ಮಧ್ಯಾಹ್ನವೇ ಕಳೆದುಹೋಗುತ್ತಿತ್ತು. ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ ಖಾಸಗಿಯವರು ಈ ಯಂತ್ರ ಬಳಸುವುದು ಅಪರಾಧ. ನಮ್ಮಲ್ಲೂ ನೆಲದಲ್ಲಿ ಸಿಕ್ಕ ಹತ್ತು ರೂಪಾಯಿ ಮೀರಿದ ನಿಧಿಯನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕೆಂದು 1878ರ ಕಾಯ್ದೆ ಹೇಳುತ್ತದೆ. ಹಾಳುಬಿದ್ದ ಗುಡಿಗಳಲ್ಲಿ ಕೊಪ್ಪರಿಗೆ ಹೊನ್ನಿನ ಆಸೆಗೆ ನಂದಿಯನ್ನು ಉರುಳಿಸಿ, ಲಿಂಗದ ಪೀಠ ಅಗೆದು ಹೋಗುವವರಿಗೆ ಏನು ಸಿಗುತ್ತದೋ ಕಾಣೆ, ಅವರು ಅಳಿಸಿ ಹೋಗುವುದೇನೆಂದು ಆ 29 ಗುಂಡುಗಳನ್ನು ನೆನೆದಾಗ ನನಗೆ ಸ್ಪಷ್ಟವಾಗುತ್ತದೆ.

ನಾಲ್ಕು ಗಂಟೆಗೇ ಬಿಸಿಲು ಇಳಿದಿತ್ತು. ಹೊಲದ ಕೊನೆಯ ಕಲ್ಲಿನ ಗೋಡೆಯ ಹತ್ತಿರ ಬಂದಾಗ ಮೂರೂ ಯಂತ್ರಗಳು ಒಟ್ಟಿಗೆ ಗೊರಗುಟ್ಟತೊಡಗಿದವು. ಹೆಜ್ಜೆ ಹಾಕಿ ನೋಡಿದರೆ ಆ ಸದ್ದು ಉದ್ದ ಹದಿನೈದು ಹೆಜ್ಜೆ, ಅಗಲ ಹತ್ತು ಹೆಜ್ಜೆಯ ಆಯತದೊಳಗೆ ಮಾತ್ರ. ಒಂದು ಮೂಲೆಯಲ್ಲಿ ನೆಲ ತುಸು ತಗ್ಗಾಗಿತ್ತು. ಮನೆ, ಎಂದರು ಹಿರಿಯರು. ಮರ ಕೊಳೆತು ಹೋಗಿ, ಅದನ್ನು ಹಿಡಿದಿದ್ದ ಮೊಳೆಗಳಷ್ಟೇ ಗೋಡೆಗಳಿದ್ದಲ್ಲೇ ಉಳಿದಿವೆ.

‘ಒಂದೇ ಒಂದು ಕಡೆ ಅಗೆದು ನೋಡೋಣ್ವಾ?’ ಎಂದೆ ಗೆಳೆಯನಿಗೆ. ‘ಬೇಡ ಮಾರಾಯ, ಇದು ನಮ್ಮ ಕೆಲಸ ಅಲ್ಲ’ ಎಂದ. ಹಿರಿಯರು ಆಗಲೇ ಚೀಲದಿಂದ ಬಾವುಟ ಕಟ್ಟಿದ ತಂತಿಕಡ್ಡಿಗಳನ್ನು ತೆಗೆದು ಮೂಲೆಗಳಿಗೆ ನೆಡುತ್ತಿದ್ದರು. ಯಜಮಾನನಿಗೆ ತೋರಿಸಿ, ರಾಜ್ಯದ ಪುರಾತತ್ವ ಅಧಿಕಾರಿಗೆ ಬರೆಯಬೇಕೆಂದರು. ನಾನು ಯಂತ್ರ ಆರಿಸುವ ಮುನ್ನ ತಗ್ಗಿನ ಮೇಲೆ ಕೊನೆಯ ಸಲ ತಟ್ಟೆ ಆಡಿಸಿದೆ. ಮೊಳೆಗಳ ಗೊರಗೊರದ ನಡುವೆ ಒಂದು ಮೃದುವಾದ, ಎತ್ತರದ, ತಡವಾಗಿ ಬರುವ ಸ್ವರ. ಎಡದಿಂದ ಬಂದರೂ ಅದೇ, ಬಲದಿಂದ ಬಂದರೂ ಅದೇ. ಅಲ್ಲೊಂದು ಕಡ್ಡಿ ನೆಟ್ಟು ಹೆಡ್‌ಫೋನ್ ತೆಗೆದೆ.